ಅಪ್‌ಡೇಟ್: ನಾಯಿ ಬಾಗಿಲು ತೆಗೆಯದಿದ್ದ ಪ್ರಶ್ನೆ

ಧಾರವಾಡದ ಹಳೇ ಮನೆಯಲ್ಲಿ ವೀಲ್‌ಚೇರ್ ಬಳಸುವವರಿಗೆ ನೆರವಾಗಲು ತರಬೇತಿಯಲ್ಲಿರುವ ಲ್ಯಾಬ್ರಡಾರ್ ನಾಯಿ ಬಾಗಿಲ ಹಗ್ಗ ಎಳೆದು ಅರ್ಧಕ್ಕೇ ಬಿಡುತ್ತದೆ, ಯಾಕೆ ಅಂತ ಇಲ್ಲಿ ಕೇಳಿದ್ದೆ. ತಪ್ಪು ಬಾಗಿಲದ್ದು. ಮಳೆಗಾಲಕ್ಕೆ ಕಟ್ಟಿಗೆ ಉಬ್ಬಿ ಚೌಕಟ್ಟಿಗೆ ಬಿಗಿಹಿಡೀತಿತ್ತು. ಎಳೆದರೂ ತೆರೆಯದಿದ್ದರೆ ನಾಯಿಗೆ ಆಸಕ್ತಿ ಹೋಗೋದು ಸಹಜ. ಬಡಿಗೇರರಿಂದ ಅಂಚಿಗೆ ಹತ್ತರಿ ಹೊಡೆಸಿ ಸವೆಸಿ, ಚಿಲಕದ ಜಾಗಕ್ಕೆ ಮ್ಯಾಗ್ನೆಟ್ ಕ್ಯಾಚ್ (ಬಾಗಿಲು ಹಿಡಿದಿಡುವ ಅಯಸ್ಕಾಂತ) ಹಾಕಿಸಿದ್ದಾಯ್ತು.

ಹಗ್ಗ ಹತ್ತಿಯದೇ ಇರಲಿ, ಹೆಬ್ಬೆರಳು ದಪ್ಪ, ಗಂಟು ನಾಯಿಯ ಬಾಯಿ ಮಟ್ಟಕ್ಕೆ. ಸಣ್ಣ ನೈಲಾನ್ ಹಗ್ಗ ವಸಡು ಕೊಯ್ಯುತ್ತದೆ. ಮೊದಲು ಕೈಯಲ್ಲಿ ಹಿಡಿದು ಎಳೆಸಿ, ಆಮೇಲೆ ಅರೆ ತೆರೆದ ಬಾಗಿಲು, ಕೊನೆಗೆ ಮುಚ್ಚಿದ್ದು. ತಿಂಡಿ ಕೊಡೋದು ಬಾಗಿಲು ಅಲುಗಿದ ಕ್ಷಣಕ್ಕೇ. ಹಗ್ಗ ಬಿಟ್ಟ ಮೇಲೆ ಕೊಟ್ಟರೆ ಅದು ಕಲಿಯೋದು ಬಿಡೋದನ್ನೇ!

ಮುಧೋಳ ನಾಯಿ ಯಾಕಲ್ಲ ಅಂದವರಿಗೆ: ಅದು ಓಡಿ ಬೇಟೆಯಾಡುವ ತಳಿ, ವಸ್ತು ತಂದುಕೊಡೋದರಲ್ಲಿ ಲ್ಯಾಬ್ರಡಾರೇ ವಾಸಿ. ನಮ್ಮ ನಾಯಿ ಕೀಲಿಗೊಂಚಲು ಮಾತ್ರ ಇನ್ನೂ ಕಚ್ಚುತ್ತಿಲ್ಲ, ಬಾಯಿಗೆ ಲೋಹ ಒಗ್ಗಲ್ಲ. ಸದ್ಯ ಗೊಂಚಲಿಗೆ ಬಟ್ಟೆ ಸುತ್ತಿಟ್ಟಿದ್ದೇನೆ.