ಕಲ್ಲಿನ ಪಿರಮಿಡ್‌ಗೆ ಕಾರ್ಬನ್ ಡೇಟಿಂಗ್ ಮಾಡಿದ್ದು ಹೇಗೆ? (ಪೆರುವಿನ ಕರಾಲ್)

ಕಡಲೆಪುರಿ:
ಪೆರುವಿನ ಪ್ರಾಚೀನ ನಗರ ಕರಾಲ್ ಬಗ್ಗೆ ಒಂದು ವಿಡಿಯೊ ನೋಡಿದೆ. ಲಿಮಾದಿಂದ ಉತ್ತರಕ್ಕೆ ಸುಮಾರು 200 ಕಿ.ಮೀ. ದೂರ, ಸೂಪೆ ಕಣಿವೆಯಲ್ಲಿದೆ. ಅಲ್ಲಿನ ಪಿರಮಿಡ್‌ಗಳು ಕ್ರಿ.ಪೂ. 2627ರವು, ಅಂದ್ರೆ ಈಜಿಪ್ಟಿನ ದೊಡ್ಡ ಪಿರಮಿಡ್‌ನ ಓರಗೆಯವು ಅನ್ನುತ್ತಾರೆ. ಕಟ್ಟಡ ಪೂರ್ತಿ ಕಲ್ಲು, ಮಣ್ಣು. ಆ ಜನಕ್ಕೆ ಮಡಕೆ ಮಾಡುವುದೂ ಗೊತ್ತಿರಲಿಲ್ಲವಂತೆ. ಕಾರ್ಬನ್ ಡೇಟಿಂಗ್ ಅಂದ್ರೆ ಒಮ್ಮೆ ಜೀವವಿದ್ದ ವಸ್ತುವಿನಲ್ಲಿ ಉಳಿದ ಕಾರ್ಬನ್-14 ಅಳೆದು ವಯಸ್ಸು ಹೇಳುವುದು, ಕಲ್ಲಿಗೆ ಅದು ಆಗುವುದಿಲ್ಲ ಅಲ್ವಾ? ಮತ್ತೆ ಈ 2627 ಎಲ್ಲಿಂದ ಬಂತು? ಸುಮ್ನೆ ಬಿಡ್ತಾರಾ?

ಹಳೇಇಟ್ಟಿಗೆ:
ಕಲ್ಲಿಗಲ್ಲ, ಕಲ್ಲು ತುಂಬಿದ ಚೀಲಕ್ಕೆ ಮಾಡಿದ್ದು. ಅಲ್ಲಿಯವರು ಜೊಂಡಿನಿಂದ ಬಲೆಯಂಥ ಚೀಲ ಹೆಣೆದು, ಅದಕ್ಕೆ ಕಲ್ಲು ತುಂಬಿ, ಚೀಲದ ಸಮೇತ ಪಿರಮಿಡ್‌ನ ಒಡಲಿಗೆ ಹಾಕುತ್ತಿದ್ದರು. ಅದಕ್ಕೆ ಶಿಕ್ರಾ ಅನ್ನುತ್ತಾರೆ. ಮಳೆ ಇಲ್ಲದ ಮರುಭೂಮಿಯಾದ್ದರಿಂದ ಚೀಲಗಳು ಇನ್ನೂ ಉಳಿದಿವೆ. ಪೆರುವಿನ ಪುರಾತತ್ವಜ್ಞೆ ರೂತ್ ಶಾಡಿ ಮತ್ತು ಇಬ್ಬರು ಅಮೆರಿಕನ್ ಸಂಶೋಧಕರು 2001ರಲ್ಲಿ ಈ ಡೇಟುಗಳನ್ನು ಪ್ರಕಟಿಸಿದ ಮೇಲೆಯೇ ಕರಾಲ್ ಇಷ್ಟು ಹಳೆಯದು ಅಂತ ಜಗತ್ತಿಗೆ ಗೊತ್ತಾಗಿದ್ದು.

ಇಲ್ಲಿ ಜಾಣತನ ಇರುವುದು ಜೊಂಡನ್ನು ಆರಿಸಿದ್ದರಲ್ಲಿ. ಕಾರ್ಬನ್ ಹೇಳುವುದು ಗಿಡ ಯಾವಾಗ ಸತ್ತಿತು ಅಂತ, ಕಟ್ಟಡ ಯಾವಾಗ ಎದ್ದಿತು ಅಂತ ಅಲ್ಲ. ಮರದ ತೊಲೆಯಾದರೆ ಕಷ್ಟ. ಒಳಗಿನ ತಿರುಳು ಹೊರಗಿನದಕ್ಕಿಂತ ನೂರಾರು ವರ್ಷ ಹಳೆಯದಿರಬಹುದು, ಅದರ ಮೇಲೆ ಅಂಥ ಒಣ ಜಾಗದಲ್ಲಿ ಮರ ಕೊಳೆಯುವುದಿಲ್ಲವಾದ್ದರಿಂದ ಅಜ್ಜನ ಮನೆಯ ತೊಲೆಯನ್ನು ಮೊಮ್ಮಗ ಮತ್ತೆ ಬಳಸಿರುವುದೂ ಉಂಟು. ಜೊಂಡಿನ ಆಯುಸ್ಸೇ ಕಡಿಮೆ. ಕೊಯ್ದು, ಹೆಣೆದು, ಹೊತ್ತು ಹಾಕುವುದೆಲ್ಲ ಹೆಚ್ಚುಕಡಿಮೆ ಒಂದೇ ಕಾಲದ ಕೆಲಸ.

ಬೂತಾಯಿಪ್ರಿಯ:
ಮೇಲಿನವರು ಹೇಳಿದ್ದು ಸರಿ, ಆದರೆ ಎಲ್ಲ ಜೀವವಸ್ತುವೂ ಜೊಂಡಿನಷ್ಟು ಸಲೀಸಲ್ಲ. ಕರಾಲ್‌ನವರು ಕರಾವಳಿಯಿಂದ ಬಂದ ಬೂತಾಯಿ, ಆಂಚೊವಿ ಜಾಸ್ತಿ ತಿನ್ನುತ್ತಿದ್ದರು. ಪೆರುವಿನ ಕಡಲಲ್ಲಿ ಆಳದ ತಣ್ಣೀರು ಮೇಲೆ ಬರುತ್ತಲೇ ಇರುತ್ತದೆ. ಆ ನೀರಿನ ಕಾರ್ಬನ್ ಹಳೆಯದು, ಅದರಲ್ಲಿ ಕಾರ್ಬನ್-14 ಕಡಿಮೆ. ಹಾಗಾಗಿ ನಿನ್ನೆ ಹಿಡಿದ ಮೀನೂ ಲ್ಯಾಬಿನಲ್ಲಿ ನೂರಾರು ವರ್ಷ ಹಳೆಯದಾಗಿ ಕಾಣುತ್ತದೆ, ಅದನ್ನು ತಿಂದವರ ಮೂಳೆಯೂ ಅಷ್ಟೆ. ಅಲ್ಲಿ ಪೆಲಿಕನ್ ಮೂಳೆಯ ಕೊಳಲುಗಳು ಸಿಕ್ಕಿವೆ. ಪೆಲಿಕನ್ ತಿನ್ನುವುದೂ ಮೀನೇ ತಾನೆ! ಅದನ್ನು ಡೇಟ್ ಮಾಡಿ ತಿದ್ದದೆ ಬಿಟ್ಟರೆ ಕಥೆ ಮುಗೀತು.

ಕಡಲೆಪುರಿ:
ಚೀಲದ ವಿಷಯ ಸಖತ್ತಾಗಿದೆ. ಆದರೆ 2627?

ಹಳೇಇಟ್ಟಿಗೆ:
ಅದು ಒಂದು ವ್ಯಾಪ್ತಿಯ ನಡುವಿನ ಅಂಕಿ, ಮಾಧ್ಯಮದವರು ಅದನ್ನೇ ಹಿಡಿದುಕೊಂಡರು. ಲ್ಯಾಬ್ ಕೊಡುವುದು 4090 ± 90 ವರ್ಷ (90 ಹೆಚ್ಚುಕಡಿಮೆ) ಅನ್ನುವ ಥರದ ಲೆಕ್ಕ, ಅದೂ 1950ರಿಂದ ಹಿಂದಕ್ಕೆ. ನೇರವಾಗಿ ಕಳೆದರೆ ಕ್ರಿ.ಪೂ. 2140 ಬರುತ್ತದೆ. ಆದರೆ ಗಾಳಿಯಲ್ಲಿ ಕಾರ್ಬನ್-14 ಎಲ್ಲ ಕಾಲದಲ್ಲೂ ಒಂದೇ ಪ್ರಮಾಣದಲ್ಲಿ ಇರಲಿಲ್ಲ. ವಯಸ್ಸು ಗೊತ್ತಿರುವ ಮರದ ಉಂಗುರಗಳ ಜೊತೆ ಹೋಲಿಸಿ ತಿದ್ದಿದರೆ 2600ರ ಆಸುಪಾಸಿಗೆ ಹೋಗುತ್ತದೆ. ತಿದ್ದುವುದಕ್ಕೇ ಹತ್ತಿರ ಹತ್ತಿರ 500 ವರ್ಷದ ವ್ಯತ್ಯಾಸ! ದಕ್ಷಿಣ ಗೋಳಾರ್ಧಕ್ಕೆ ತಿದ್ದುವ ಪಟ್ಟಿಯೇ ಬೇರೆ. ಅಲ್ಲಿ ಕಡಲು ಜಾಸ್ತಿಯಾದ್ದರಿಂದ ಕೆಲವು ದಶಕಗಳ ಅಂತರ ಬರುತ್ತದೆ.

ಮೂರನೇಮಹಡಿ:
ದಶಕ ಅಂದಾಗ ನೆನಪಾಯಿತು. ಕರಾಲ್‌ಗೆ ಅದು ಲೆಕ್ಕಕ್ಕಿಲ್ಲ, ಆದರೆ ಪೆರುವಿನದೇ ಇಂಕಾ ಜನರ ಮಾಚು ಪಿಚುಗೆ ಅದೇ ಮುಖ್ಯ. ಇಂಕಾ ರಾಜ ಪಚಾಕುಟಿ 1438ರಲ್ಲಿ ಪಟ್ಟಕ್ಕೆ ಬಂದ, ಆಮೇಲೆ ಅದನ್ನು ಕಟ್ಟಿಸಿದ ಅಂತ ಸ್ಪ್ಯಾನಿಷ್ ಬರಹಗಳನ್ನು ನಂಬಿ ಹೇಳುತ್ತಿದ್ದರು. 2021ರಲ್ಲಿ ಯೇಲ್ ವಿಶ್ವವಿದ್ಯಾಲಯದ ರಿಚರ್ಡ್ ಬರ್ಗರ್ ತಂಡ ಅಲ್ಲಿನ 26 ಜನರ ಮೂಳೆ, ಹಲ್ಲು ಪರೀಕ್ಷಿಸಿ, ಸುಮಾರು 1420ರಿಂದಲೇ ಜನ ಇದ್ದರು ಅಂದಿತು. ಹೊಸ ಯಂತ್ರಕ್ಕೆ ಚೂರು ಮೂಳೆ ಸಾಕು. ನನ್ನ ಪ್ರಕಾರ ಇಪ್ಪತ್ತು ವರ್ಷ ದೊಡ್ಡದಲ್ಲ ಅನ್ನಿಸಬಹುದು, ಆದರೆ ಆ ರಾಜ ಗದ್ದುಗೆ ಏರಿದ ವರ್ಷವನ್ನೇ ಮತ್ತೆ ಲೆಕ್ಕ ಹಾಕಬೇಕಾಗುತ್ತದೆ.