ಪದಚರ್ಚೆ: ಗಿಟಾರ್ ‘ಸೆಟಪ್’ ಮಾಡುವುದಕ್ಕೆ ‘ಹದ ಮಾಡುವುದು’ ಅನ್ನಬಹುದೇ?

ಗೆಳೆಯರೇ, ನಮಸ್ಕಾರ.

ನಾನು ಬಳ್ಳಾರಿಯಲ್ಲಿ ಸಂಜೆ ಹೊತ್ತು ಹುಡುಗರಿಗೆ ಗಿಟಾರ್ ಕಲಿಸುತ್ತೇನೆ. ಕಡಿಮೆ ಬೆಲೆಯ ಎಲೆಕ್ಟ್ರಿಕ್ ಗಿಟಾರನ್ನು ಮನೆಯಲ್ಲೇ ಹೇಗೆ ಚೆನ್ನಾಗಿ ಮಾಡಿಕೊಳ್ಳಬಹುದು ಅಂತ ಅವರಿಗಾಗಿ ಕನ್ನಡದಲ್ಲಿ ಒಂದು ಚಿಕ್ಕ ಕೈಪಿಡಿ ಬರೆಯುತ್ತಿದ್ದೇನೆ. ಕೆಲವು ಪದಗಳ ಹತ್ತಿರ ಪೆನ್ನು ನಿಂತಿದೆ. ಎಲ್ಲಕ್ಕಿಂತ ಜಾಸ್ತಿ ಕಾಡುತ್ತಿರುವುದು ‘ಸೆಟಪ್’.

ಗಿಟಾರ್ ಗೊತ್ತಿಲ್ಲದವರಿಗೆ ಸ್ವಲ್ಪ ಹೇಳಿಬಿಡುತ್ತೇನೆ. ಹತ್ತು ಹನ್ನೆರಡು ಸಾವಿರದ ಗಿಟಾರ್ ತರಿಸಿ ಡಬ್ಬಿ ಬಿಚ್ಚಿದರೆ, ಎಷ್ಟೋ ಸಲ ತಂತಿ ಬೆರಳು ನೋಯುವಷ್ಟು ಎತ್ತರದಲ್ಲಿರುತ್ತದೆ. ಇಲ್ಲವೇ ತೀರಾ ಕೆಳಗಿದ್ದು, ಒತ್ತಿದ ಕಡೆಯೆಲ್ಲ ಝರ್ರ್ ಅನ್ನುತ್ತದೆ. ತೆರೆದ ತಂತಿ, ಅಂದರೆ ಎಲ್ಲೂ ಒತ್ತದೆ ಮೀಟಿದ ತಂತಿ, ಶ್ರುತಿಗೆ ಸರಿಯಾಗಿದ್ದರೂ ಮೇಲಿನ ಸ್ವರಗಳು ಕೂಡುವುದಿಲ್ಲ. ಇದನ್ನು ಸರಿಮಾಡಲು ಸಾಮಾನ್ಯವಾಗಿ ಒಂದು ಭಾಗವನ್ನೂ ಬದಲಿಸಬೇಕಿಲ್ಲ. ಅಲೆನ್ ಕೀ, ಸ್ಕ್ರೂಡ್ರೈವರ್, ಉಕ್ಕಿನ ಸ್ಕೇಲು, ಶ್ರುತಿ ತೋರಿಸುವ ಒಂದು ಟ್ಯೂನರ್ ಇದ್ದರೆ ಆಯಿತು. ಗಿಟಾರಿನ ಕತ್ತಿನೊಳಗೆ ಒಂದು ಕಬ್ಬಿಣದ ಸರಳು ಇರುತ್ತದೆ. ಆರು ತಂತಿಗಳು ಸೇರಿ ಸುಮಾರು 38 ಕಿಲೋದಷ್ಟು ಎಳೆಯುತ್ತವೆ, ತೆಳು ತಂತಿಯಾದರೂ. ಆ ಎಳೆತಕ್ಕೆ ಕತ್ತು ಬಾಗದಂತೆ ಈ ಸರಳು ತಡೆಯುತ್ತದೆ. ಅದನ್ನು ಕಾಲು ಸುತ್ತು ತಿರುಗಿಸಿ, ನೋಡಿ, ಬೇಕಾದರೆ ಮತ್ತೆ ಕಾಲು ಸುತ್ತು ತಿರುಗಿಸಬೇಕು. ಕತ್ತು ಪೂರ್ತಿ ನೆಟ್ಟಗಾಗಲೂ ಬಾರದು. ನಡುವೆ ಕಾಲು ಮಿಲಿಮೀಟರಿನಷ್ಟು ಬಾಗು ಉಳಿಯಬೇಕು. ಆಮೇಲೆ 12ನೇ ಫ್ರೆಟ್ಟಿನ (ಕತ್ತಿನ ಮೇಲೆ ಅಡ್ಡ ಕೂಡಿಸಿದ ಲೋಹದ ಕಂಬಿ) ಮೇಲೆ ತಂತಿಯ ಎತ್ತರವನ್ನು 1.5ರಿಂದ 2 ಮಿ.ಮೀ.ಗೆ ತರಬೇಕು. ಕೊನೆಗೆ, ಗಿಟಾರಿನ ಮೈಮೇಲೆ ತಂತಿಗಳನ್ನು ಹೊತ್ತಿರುವ ಬ್ರಿಡ್ಜಿನ ಮೇಲಿನ ಚಿಕ್ಕ ತುಂಡುಗಳನ್ನು ಹಿಂದೆ ಮುಂದೆ ಸರಿಸಿ ಸ್ವರ ಕೂಡಿಸಬೇಕು. ಇಷ್ಟೂ ಸೇರಿದ್ದು ಸೆಟಪ್.

ನಮ್ಮ ಕಡೆ ಇದಕ್ಕೆ ಏನಂತಾರೆ? ಬಳ್ಳಾರಿಯಲ್ಲಿ ‘ರಿಪೇರಿ’. ರಾಯಚೂರು, ಕೊಪ್ಪಳದ ಕಡೆಯ ಹಿರಿಯರ ಬಾಯಲ್ಲಿ ‘ದುರಸ್ತಿ’ ಬರುತ್ತದೆ, ಎಲ್ಲೋ ಒಮ್ಮೆ ‘ಮರಾಮತ್ತು’. ನಿಜಾಮರ ಆಡಳಿತ ಆ ಕಡೆ 1948ರವರೆಗೆ ಇತ್ತಲ್ಲ, ಕಚೇರಿಯ ಉರ್ದು ಪದಗಳು ಮನೆಮಾತಿಗೂ ಇಳಿದಿವೆ. ಬಳ್ಳಾರಿ ಆಗ ಮದ್ರಾಸಿನಲ್ಲಿತ್ತು, 1953ರಲ್ಲಿ ಮೈಸೂರಿಗೆ ಸೇರಿತು. ಹಾಗಾಗಿ ಒಂದೇ ಕೆಲಸಕ್ಕೆ ನೂರು ನೂರೈವತ್ತು ಕಿಲೋಮೀಟರಿನೊಳಗೆ ಬೇರೆ ಬೇರೆ ಪದ. ಆದರೆ ಮೂರರ ಅರ್ಥವೂ ಒಂದೇ: ಕೆಟ್ಟದ್ದನ್ನು ಸರಿಮಾಡುವುದು. ಸೆಟಪ್ ಆಗದ ಗಿಟಾರ್ ಕೆಟ್ಟಿಲ್ಲ.

ಇದು ಸುಮ್ನೆ ಪದದ ಹಟ ಅಲ್ಲ, ಇದರಿಂದ ಹುಡುಗರ ದುಡ್ಡು ಹೋಗುತ್ತಿದೆ. ‘ರಿಪೇರಿಗೆ ಬಂದಿದೆ’ ಅಂದ ತಕ್ಷಣ ಮನೆಯವರು ‘ಹೊಸದೇ ಕೆಟ್ಟುಹೋಯ್ತಾ’ ಅನ್ನುತ್ತಾರೆ. ಹುಡುಗ ಯಾವುದೋ ವಿಡಿಯೊ ನೋಡಿ, ಪಿಕಪ್ ಬದಲಿಸಿದರೆ ಎಲ್ಲ ಸರಿಹೋಗುತ್ತದೆ ಅಂತ ಗಿಟಾರಿನ ಅರ್ಧ ಬೆಲೆಯ ಪಿಕಪ್ ತರಿಸುತ್ತಾನೆ. ಪಿಕಪ್ ತಂತಿಯ ಕಂಪನವನ್ನು ಕರೆಂಟಾಗಿ ಮಾಡುತ್ತದೆ ಅಷ್ಟೆ. ಎತ್ತರದಲ್ಲಿರುವ ತಂತಿಯನ್ನು ಅದು ಇಳಿಸುವುದಿಲ್ಲ, ಕೂಡದ ಸ್ವರವನ್ನು ಕೂಡಿಸುವುದಿಲ್ಲ. ಅದಕ್ಕೇ ಕೈಪಿಡಿಯ ಮೊದಲ ಪುಟದಲ್ಲೇ ಮೂರು ಕೆಲಸಗಳನ್ನು ಬೇರೆ ಬೇರೆ ಪದಗಳಿಂದ ಕರೆಯಬೇಕು ಅಂದುಕೊಂಡಿದ್ದೇನೆ. ಮುರಿದದ್ದನ್ನು ಸರಿಮಾಡಿದರೆ ರಿಪೇರಿ. ಒಂದು ಭಾಗ ತೆಗೆದು ಬೇರೆ ಹಾಕಿದರೆ ಬದಲಿ. ಇರುವುದನ್ನೇ ಸರಿಯಾಗಿ ಕೂಡಿಸಿ, ಬಿಗಿ ಸಡಿಲ ನೋಡಿದರೆ ಹದ.

ಹದ ಅಂತ ಯಾಕೆ ಆರಿಸಿದೆ ಅಂದರೆ, ಆ ಪದದಲ್ಲಿ ‘ಜಾಸ್ತಿಯೂ ಬೇಡ, ಕಮ್ಮಿಯೂ ಬೇಡ’ ಅನ್ನುವುದು ಮೊದಲೇ ಇದೆ. ಪಾಕದ ಹದ, ಹಿಟ್ಟಿನ ಹದ, ಎರೆ ಹೊಲದ ಹದ. ಚರ್ಮ ಹದ ಮಾಡುವುದೂ ಇದೆ. ಹಲಗೆ ಬಾರಿಸುವವರು ಬೆಂಕಿಗೆ ಹಿಡಿದು ಚರ್ಮ ಕಾಯಿಸುತ್ತಾರಲ್ಲ, ಆ ಕೆಲಸಕ್ಕೂ ಗಿಟಾರ್ ಸೆಟಪ್ಪಿಗೂ ನನಗೆ ಜಾಸ್ತಿ ವ್ಯತ್ಯಾಸ ಕಾಣುವುದಿಲ್ಲ. ಜೊತೆಗೆ ‘ಹದಗೆಡು’ ಅನ್ನುವ ಒಳ್ಳೆಯ ಕ್ರಿಯಾಪದವೂ ಸಿಗುತ್ತದೆ. ‘ಗಿಟಾರ್ ಕೆಟ್ಟಿದೆ’ ಬೇರೆ, ‘ಗಿಟಾರ್ ಹದಗೆಟ್ಟಿದೆ’ ಬೇರೆ. ಎರಡನೆಯದಕ್ಕೆ ಅಂಗಡಿಗೆ ಓಡಬೇಕಿಲ್ಲ.

ಕಲಿತವರೊಬ್ಬರು ಇದಕ್ಕೆ ಆಕ್ಷೇಪಣೆ ಎತ್ತಿದರು. ಹದ ಅನ್ನುವುದು ನೀರು, ಬೆಂಕಿ, ತೇವದ ಸಂಬಂಧ ಇರುವ ವಸ್ತುಗಳಿಗೆ ಮಾತ್ರ, ಯಂತ್ರದಂಥ ವಸ್ತುವಿಗೆ ಹೊಂದುವುದಿಲ್ಲ ಅಂದರು. ನನ್ನ ಉತ್ತರ ಇದು. ಗಿಟಾರಿನ ಕತ್ತು ಮರ. ಬೇಸಿಗೆಯ ಒಣ ಗಾಳಿಗೆ ಅದು ಕುಗ್ಗುತ್ತದೆ, ಮಳೆಗಾಲದಲ್ಲಿ ತೇವ ಕುಡಿದು ಹಿಗ್ಗುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ಇಲ್ಲಿ 40 ಡಿಗ್ರಿ ದಾಟುವುದು ಮಾಮೂಲು. ಆಗ ಮರ ಕುಗ್ಗಿ, ಫ್ರೆಟ್ಟುಗಳ ಲೋಹದ ತುದಿಗಳು ಅಂಚಿನಿಂದ ಹೊರಗೆ ಚಾಚಿ ಅಂಗೈಗೆ ಗೀರುತ್ತವೆ. ಲೋಹ ಮರದಷ್ಟು ಕುಗ್ಗುವುದಿಲ್ಲವಲ್ಲ. ಸಣ್ಣ ಅರದಿಂದ ತುದಿ ಉಜ್ಜಿ, ಉಪ್ಪು ಕಾಗದ ಹಾಕಿ ನಯ ಮಾಡಿದರೆ ಸರಿಹೋಗುತ್ತದೆ. ಸರಳಿನ ಬಿಗಿಯನ್ನೂ ಕಾಲಕ್ಕೆ ತಕ್ಕಂತೆ ನೋಡಿಕೊಳ್ಳಬೇಕು. ಅಂದರೆ ಸೆಟಪ್ ಒಮ್ಮೆ ಮಾಡಿ ಮುಗಿಸುವ ಕೆಲಸ ಅಲ್ಲ, ಕಾಲದ ಜೊತೆ ಬಂದು ಹೋಗುತ್ತದೆ. ಹದಕ್ಕೆ ಇದಕ್ಕಿಂತ ಸರಿಯಾದ ಜಾಗ ಯಾವುದು?

‘ಸಜ್ಜುಗೊಳಿಸು’, ‘ಅಣಿಗೊಳಿಸು’ ನೋಡಿದೆ. ಅವು ಹೊರಡುವ ಮುಂಚಿನ ತಯಾರಿ ಅನ್ನಿಸುತ್ತವೆ. ‘ಹೊಂದಾಣಿಕೆ’ ಅಂದರೆ ಇಬ್ಬರು ಮನುಷ್ಯರ ನಡುವಿನದು. ‘ಮೇಲ್ದರ್ಜೆಗೆ ಏರಿಸು’ ಅನ್ನುವುದನ್ನು ಪತ್ರಿಕೆಗಳು ತಾಲ್ಲೂಕು ಆಸ್ಪತ್ರೆಗೆ ಬಿಟ್ಟುಕೊಟ್ಟಿವೆ, ಅದು ಅಲ್ಲೇ ಇರಲಿ. ಇನ್ನು ಬಳ್ಳಾರಿ ಹುಡುಗರ ‘ಆಲ್ಟರ್’. ಜೀನ್ಸ್ ಹೊಲಿಯುವ ಊರಲ್ಲಿ ಪ್ಯಾಂಟಿಗೂ ಆಲ್ಟರ್, ಬೈಕಿಗೂ ಆಲ್ಟರ್. ಗಿಟಾರಿಗೂ ಅದನ್ನೇ ಹೇಳುತ್ತಾರೆ. ಬದಲಿ ಹಾಕಿ ರೂಪವನ್ನೇ ಬೇರೆ ಮಾಡಿದಾಗ ಅದು ಚೆನ್ನಾಗಿಯೇ ಒಪ್ಪುತ್ತದೆ, ತೆಗೆಯುವ ಮನಸ್ಸಿಲ್ಲ.

ಈಗ ಭಾಗಗಳ ಹೆಸರು. ಇಲ್ಲಿ ಹೊಸ ಪದ ಕಟ್ಟುವ ಅಗತ್ಯವೇ ಕಮ್ಮಿ. ವೀಣೆ, ತಂಬೂರಿ ಹಿಡಿದವರ ಹತ್ತಿರ ಎಲ್ಲ ಇದೆ. ಬಸವಣ್ಣನವರ ಒಂದು ವಚನದಲ್ಲಿ ದಂಡಿಗೆ, ಸೋರೆ, ತಂತಿ, ಕಡ್ಡಿ ಇಷ್ಟೂ ಒಟ್ಟಿಗೆ ಬರುತ್ತವೆ. 12ನೇ ಶತಮಾನದಿಂದ ಇರುವ ಪದ ನಮಗೆ ಯಾಕೆ ಬೇಡ? ಕತ್ತಿಗೆ ‘ದಂಡಿ’, ತಂತಿ ಮೀಟುವ ಪಿಕ್ಕಿಗೆ ‘ಕಡ್ಡಿ’ ಬಳಸಲು ನನಗೆ ಹಿಂಜರಿಕೆ ಇಲ್ಲ. ಬ್ರಿಡ್ಜಿಗೆ ‘ಕುದುರೆ’, ತಂತಿ ಬಿಗಿಮಾಡುವ ಕಿವಿಗಳಿಗೆ ‘ಬಿರಡೆ’. ಕುದುರೆ ಅಂದ ಕೂಡಲೇ ಮಕ್ಕಳಿಗೂ ಗೊತ್ತಾಗುತ್ತದೆ, ತಂತಿ ಅದರ ಮೇಲೆ ಕೂತಿರುತ್ತದೆ ಅಂತ.

‘ನಟ್’ ಅನ್ನುವುದರ ಹತ್ತಿರ ನಿಜವಾಗಿಯೂ ಗೊಂದಲ ಇದೆ. ದಂಡಿಯ ತುದಿಯಲ್ಲಿ ತಂತಿಗಳು ಹಾದುಹೋಗುವ ಗೀರುಪಟ್ಟಿ ಅದು. ಆದರೆ ನಮ್ಮ ಕಿವಿಗೆ ನಟ್ಟು ಅಂದರೆ ಬೋಲ್ಟಿನ ಜೊತೆಯದು. ಒಳಗಿನ ಸರಳಿನ ತುದಿಯಲ್ಲೂ ಒಂದು ನಟ್ಟು ಇದೆ! ‘ನಟ್ ನೋಡು’ ಅಂದರೆ ಹುಡುಗ ಅಲೆನ್ ಕೀ ತಗೊಂಡು ಸರಳಿಗೆ ಹೋಗುತ್ತಾನೆ. ವೀಣೆಯವರು ಇದಕ್ಕೆ ‘ಮೇರು’ ಅನ್ನುತ್ತಾರೆ, ನನಗೆ ಅದೇ ಸರಿ ಅನ್ನಿಸುತ್ತದೆ. ಈ ಜಾಗ ಮುಖ್ಯ ಕೂಡ. ಶ್ರುತಿ ನಿಲ್ಲುತ್ತಿಲ್ಲ ಅಂತ ಬಿರಡೆ ಬದಲಿಸುವವರು ಬಹಳ. ಎಷ್ಟೋ ಸಲ ತಪ್ಪು ಮೇರುವಿನ ಗೀರಿನಲ್ಲಿರುತ್ತದೆ. ತಂತಿ ಅಲ್ಲಿ ಸಿಕ್ಕಿಕೊಂಡು, ಎಳೆದ ಮೇಲೆ ವಾಪಸ್ ಬರುವುದಿಲ್ಲ. ಗೀರಿಗೆ ಪೆನ್ಸಿಲಿನ ಸೀಸ ಉಜ್ಜಿ ನೋಡಿ, ಆಮೇಲೆ ಬಿರಡೆಯ ಮಾತು. ಪ್ಲಾಸ್ಟಿಕ್ ಮೇರು ತೆಗೆದು ಮೂಳೆಯದು ಹಾಕುವುದು ಒಳ್ಳೆಯ ಬದಲಿ, ಖರ್ಚೂ ಕಮ್ಮಿ.

‘ಫ್ರೆಟ್’ ಇನ್ನೊಂದು. ಇಂಗ್ಲಿಷಿನಲ್ಲಿ ಅಡ್ಡ ಕೂಡಿಸಿದ ಲೋಹದ ಕಂಬಿಗೂ ಅದೇ ಹೆಸರು, ಎರಡು ಕಂಬಿಗಳ ನಡುವಿನ ಜಾಗಕ್ಕೂ ಅದೇ. ‘ಮೂರನೇ ಫ್ರೆಟ್ ಒತ್ತು’ ಅಂದರೆ ಹೊಸಬರು ಕಂಬಿಯ ಮೇಲೆಯೇ ಬೆರಳು ಇಡುತ್ತಾರೆ, ಸದ್ದು ಸತ್ತುಹೋಗುತ್ತದೆ. ಕನ್ನಡದಲ್ಲಿ ನಮಗೆ ಎರಡು ಪದ ಇವೆ ಅಲ್ವಾ? ವೀಣೆಯ ‘ಮೆಟ್ಟಿಲು’ ಕಂಬಿಗೆ ಇರಲಿ. ಪೇಟಿ ಬಾರಿಸುವವರ ‘ಮನೆ’ ನಡುವಿನ ಜಾಗಕ್ಕೆ ಇರಲಿ. ‘ಮೂರನೇ ಮನೆ ಒತ್ತು, ಮೂರನೇ ಮೆಟ್ಟಿಲು ಸವೆದಿದೆ’ ಅಂದರೆ ಎಲ್ಲೂ ಅನುಮಾನ ಇಲ್ಲ. ತರಗತಿಯಲ್ಲಿ ಹೀಗೇ ಹೇಳುತ್ತಿದ್ದೇನೆ, ಕಲಿಯುವವರಿಗೆ ಸುಲಭವಾಗಿದೆ. ಈ ಒಂದು ಜಾಗದಲ್ಲಿ ಕನ್ನಡ ಇಂಗ್ಲಿಷಿಗಿಂತ ಸ್ಪಷ್ಟ ಅಂತ ಹೇಳಲು ಖುಷಿಯಾಗುತ್ತದೆ.

ಆದರೆ ಎಲ್ಲ ಪದವನ್ನೂ ಹಾಗೇ ಎತ್ತಿ ತರಲು ಆಗುವುದಿಲ್ಲ. ತಂತಿ ಝರ್ರ್ ಅನ್ನುವುದನ್ನೇ ನೋಡಿ. ತಂಬೂರಿಯಲ್ಲಿ ಆ ಝೇಂಕಾರ ಬೇಕೇ ಬೇಕು. ಕುದುರೆಯ ಮೇಲೆ ತಂತಿಯ ಕೆಳಗೆ ನೂಲಿನ ಎಳೆ ಇಟ್ಟು, ಕೂದಲೆಳೆಯಷ್ಟು ಸರಿಸಿ ಅದನ್ನು ಬರಿಸುತ್ತಾರೆ. ಆ ನೂಲಿಗೆ ‘ಜೀವಾಳಿ’ ಅಂತಲೇ ಹೆಸರು. ಗಿಟಾರಿನಲ್ಲಿ ತಂತಿ ಮೆಟ್ಟಿಲಿಗೆ ತಾಗಿ ಬರುವ ಸದ್ದು ತೊಂದರೆ. ಇದನ್ನು ಜೀವಾಳಿ ಅಂತ ಕರೆದರೆ ತಂಬೂರಿಯವರಿಗೆ ನೋವಾದೀತು. ಹಿಂದೂಸ್ತಾನಿಯವರ ‘ಜವಾರಿ’ಯೂ ಆಗದು, ನಮ್ಮ ಕಡೆ ಜವಾರಿ ಅಂದರೆ ನಾಟಿ ತಳಿ. ಸದ್ಯಕ್ಕೆ ‘ತಂತಿ ಬಡಿಯುವುದು’ ಅಂತ ಬರೆದಿದ್ದೇನೆ. ಇದಕ್ಕಿಂತ ಒಳ್ಳೆಯದಿದ್ದರೆ ಹೇಳಿ. ಆಂಪ್ಲಿಫೈಯರಿನಿಂದ ಬರುವ ಗುಂಯ್ ಸದ್ದು ಬೇರೆ. ಅದು 50 ಹರ್ಟ್ಸ್ ಮನೆ ಕರೆಂಟಿನಿಂದ ಬರುವುದು. ಗಿಟಾರಿನ ಮೈಯೊಳಗೆ ಪಿಕಪ್ ಕೂರುವ ಕುಳಿಗೆ ತಾಮ್ರದ ಟೇಪ್ ಅಂಟಿಸಿ ಅರ್ತ್ ಕೊಟ್ಟರೆ ಕಮ್ಮಿಯಾಗುತ್ತದೆ. ಅದಕ್ಕೆ ‘ಗುಂಯ್‌ಗುಟ್ಟುವುದು’ ಸಾಕು. ಎರಡು ಸುರುಳಿಗಳನ್ನು ಒಂದಕ್ಕೊಂದು ಎದುರಾಗಿ ಜೋಡಿಸಿ ಈ ಸದ್ದನ್ನು ಅಳಿಸುವ ಹಂಬಕರ್ ಪಿಕಪ್ಪನ್ನು ಗಿಬ್ಸನ್ ಕಂಪನಿಯ ಸೇತ್ ಲವರ್ 1955ರಲ್ಲಿ ರೂಪಿಸಿದರು. ಅದನ್ನು ಹಂಬಕರ್ ಅಂತಲೇ ಬಿಡುತ್ತೇನೆ.

ಪಿಕಪ್, ಸದ್ದು ಏರಿಸಿ ಇಳಿಸುವ ಪಾಟ್, ಕೆಪ್ಯಾಸಿಟರ್, ಸ್ವಿಚ್ಚು ಇವುಗಳನ್ನೂ ಹಾಗೇ ಇಟ್ಟಿದ್ದೇನೆ. ಎಲೆಕ್ಟ್ರಾನಿಕ್ಸ್ ಅಂಗಡಿಯಲ್ಲಿ ‘250 ಕೆ ಪಾಟ್ ಕೊಡಿ’ (ಕೆ ಅಂದರೆ ಕಿಲೋ ಓಮ್) ಅಂದರೆ ಸಿಗುತ್ತದೆ, ಕನ್ನಡ ಮಾಡಿ ಕೇಳಿದರೆ ಸಿಗುವುದಿಲ್ಲ. ಒಂದೇ ಸುರುಳಿಯ ಸಿಂಗಲ್ ಕಾಯಿಲ್ ಪಿಕಪ್ಪಿಗೆ 250 ಕೆ, ಹಂಬಕರಿಗೆ 500 ಕೆ ರೂಢಿ, ಅಷ್ಟು ಬರೆದರೆ ಆಯಿತು. ‘ಇಂಟೊನೇಷನ್’, ಅಂದರೆ ಒತ್ತಿದ ಸ್ವರಗಳೂ ಶ್ರುತಿಗೆ ಕೂಡುವುದು, ಅದು ಮಾತ್ರ ಇನ್ನೂ ಬಗೆಹರಿದಿಲ್ಲ. ವೀಣೆಗೆ ಮೇಣದ ಮೇಲೆ ಮೆಟ್ಟಿಲು ಕೂಡಿಸಿ ಸ್ವರ ಸರಿಮಾಡುವುದಕ್ಕೆ ‘ಮೇಳ ಕಟ್ಟುವುದು’ ಅನ್ನುತ್ತಾರೆ. ಗಿಟಾರಿನಲ್ಲಿ ಮೆಟ್ಟಿಲು ಅಲ್ಲಾಡುವುದಿಲ್ಲ, ಕುದುರೆಯ ತುಂಡೇ ಸರಿಯಬೇಕು. 12ನೇ ಮನೆಯ ಸ್ವರ ಏರಿದ್ದರೆ ತುಂಡನ್ನು ಹಿಂದಕ್ಕೆ ಎಳೆಯಬೇಕು, ಇಳಿದಿದ್ದರೆ ಮುಂದಕ್ಕೆ. ಇದರ ಜೊತೆ ನಮ್ಮ ಕಡೆ ‘ಮೇಳ ಕಟ್ಟುವುದು’ ಅಂದರೆ ಬಯಲಾಟದ ತಂಡ ಕಟ್ಟುವುದು. ‘ಮನೆಶ್ರುತಿ’ ಅಂತ ಒಂದು ಪದ ತಲೆಯಲ್ಲಿದೆ. ತೆರೆದ ತಂತಿಯದು ಶ್ರುತಿ, ಒತ್ತಿದ ಮನೆಯದು ಮನೆಶ್ರುತಿ. ಕಿವಿಗೆ ಹೇಗನ್ನಿಸುತ್ತದೆ?

ಮರದ ಹೆಸರಿನ ಬಗ್ಗೆ ಒಂದು ಮಾತು. ಈಗಿನ ಅಗ್ಗದ ಗಿಟಾರುಗಳ ವಿವರದಲ್ಲಿ, ಮೆಟ್ಟಿಲು ಕೂಡಿಸುವ ದಂಡಿಯ ಮೇಲ್ಪಟ್ಟಿಗೆ ‘ಇಂಡಿಯನ್ ಲಾರೆಲ್’ ಅಂತ ಇರುತ್ತದೆ. ಅದು ನಮ್ಮ ಮತ್ತಿ ಮರ. ಮೊದಲು ಅಲ್ಲಿ ರೋಸ್‌ವುಡ್, ಅಂದರೆ ಬೀಟೆಯ ಜಾತಿಯ ಮರ ಹಾಕುತ್ತಿದ್ದರು. 2017ರಲ್ಲಿ ಆ ಮರಗಳ ಅಂತರರಾಷ್ಟ್ರೀಯ ಸಾಗಾಟಕ್ಕೆ ನಿಯಂತ್ರಣ ಬಿಗಿಯಾದ ಮೇಲೆ ಮತ್ತಿಯ ಬಳಕೆ ಹೆಚ್ಚಿತು. ಕೈಪಿಡಿಯಲ್ಲಿ ಮತ್ತಿ, ಬೀಟೆ ಅಂತಲೇ ಬರೆಯುತ್ತೇನೆ, ಇದರಲ್ಲಿ ಚರ್ಚೆಗೆ ಏನೂ ಇಲ್ಲ.

ಬದಲಿ ಹಾಕುವವರಿಗೆ ಒಂದು ಎಚ್ಚರಿಕೆಯನ್ನೂ ಸೇರಿಸಿದ್ದೇನೆ, ಅದರಲ್ಲಿ ಪದದ ಪ್ರಶ್ನೆಯೂ ಇದೆ. ಫೆಂಡರ್ ಕಂಪನಿಯ 1954ರ ಸ್ಟ್ರಾಟೊಕಾಸ್ಟರ್ ಗಿಟಾರಿನ ರೂಪವನ್ನು ಅನುಸರಿಸಿದ ಗಿಟಾರುಗಳು ನೋಡಲು ಒಂದೇ ಥರ. ಆದರೆ ಕುದುರೆಯನ್ನು ಹಿಡಿದಿರುವ ಆರು ತಿರುಪುಗಳಲ್ಲಿ ಹೊರಗಿನ ಎರಡರ ನಡುವೆ ಹಳೆಯ ಅಳತೆಯಲ್ಲಿ ಸುಮಾರು 56 ಮಿ.ಮೀ., ಅಗ್ಗದವುಗಳಲ್ಲಿ ಎಷ್ಟೋ ಸಲ 52.5. ಅಳೆಯದೆ ತರಿಸಿದರೆ ಕೂರುವುದಿಲ್ಲ. ಈ ಅಳತೆಗೆ ‘ತಿರುಪಿನ ಅಂತರ’ ಅಂತ ಬರೆದಿದ್ದೇನೆ. ಬಡಿಗೇರರ ಅಥವಾ ಫಿಟ್ಟರುಗಳ ಬಾಯಲ್ಲಿ ಇದಕ್ಕೆ ಬೇರೆ ಪದ ಇದೆಯೇ?

ನನಗೆ ನಿಮ್ಮಿಂದ ಬೇಕಾಗಿರುವುದು ಇಷ್ಟು. ಸಿಂಧನೂರು, ಮಾನ್ವಿ, ಗಂಗಾವತಿ ಕಡೆ ತತ್ವಪದ ಹಾಡುವವರ ತಂಬೂರಿ ಸರಿಮಾಡಿಕೊಡುವವರು ಇದ್ದರೆ, ಮೇರುವಿಗೆ ಅವರು ಏನನ್ನುತ್ತಾರೆ ಅಂತ ಕೇಳಿ ಹೇಳಿ. ಅವರು ವಾದ್ಯ ಸರಿಮಾಡುವುದಕ್ಕೆ ‘ಹದ’ ಬಳಸುತ್ತಾರೆಯೇ ಅನ್ನುವುದನ್ನೂ ಕೇಳಿ. ಬೇಕಂತಲೇ ಬಿಟ್ಟ ಸಣ್ಣ ಬಾಗಿಗೂ ಮರ ತಾನಾಗಿ ಸೊಟ್ಟಗಾಗುವುದಕ್ಕೂ ಬಡಿಗೇರರಲ್ಲಿ ಬೇರೆ ಬೇರೆ ಪದ ಇದ್ದರೆ ಅದು ನನಗೆ ತುಂಬಾ ಉಪಯೋಗ. ಪದದ ಜೊತೆ ಯಾವ ಊರಲ್ಲಿ, ಯಾವ ಕೆಲಸದವರಿಂದ ಕೇಳಿದ್ದು ಅಂತಲೂ ಬರೆಯಿರಿ. ಕೈಪಿಡಿಯಲ್ಲಿ ಪ್ರತಿ ಪದದ ಪಕ್ಕ ಊರಿನ ಹೆಸರನ್ನೂ ಹಾಕುತ್ತೇನೆ.