ಹಳೇ ಲಿವರ್ ಆಕ್ಷನ್ ರೈಫಲ್ ತಗೋಬೇಕು, ಮಾರ್ಲಿನ್ 336 ಅಥವಾ ವಿಂಚೆಸ್ಟರ್ 94?

ಕಾಫಿತೋಟ:
ಎಲ್ಲರಿಗೂ ನಮಸ್ಕಾರ. ನಾನಿರುವುದು ಪೆನ್ಸಿಲ್ವೇನಿಯಾದಲ್ಲಿ, ಊರು ಸೋಮವಾರಪೇಟೆ ಕಡೆ. ಗ್ರೀನ್ ಕಾರ್ಡ್ ಇದೆ. ಮನೆಯಲ್ಲಿ ಅಪ್ಪನ ಜೋಡುನಳಿಗೆ ತೋಟೆ ಕೋವಿ ಇತ್ತು. ಕೈಲ್ ಮುಹೂರ್ತದ ದಿನ ತೆಂಗಿನಕಾಯಿಗೆ ಈಡು ಹೊಡೆದದ್ದು ಬಿಟ್ಟರೆ ನನಗೆ ಜಾಸ್ತಿ ಅನುಭವ ಇಲ್ಲ. ಇಲ್ಲಿ ಆಫೀಸಿನವರೊಬ್ಬರು ಶೂಟಿಂಗ್ ರೇಂಜಿಗೆ ಕರೆದುಕೊಂಡು ಹೋಗಿ ತಮ್ಮ ಲಿವರ್ ಆಕ್ಷನ್ (ಟ್ರಿಗರ್ ಸುತ್ತಲಿನ ಹಿಡಿ ಕೆಳಗೆಳೆದು ಮೇಲೆತ್ತಿದರೆ ಮುಂದಿನ ತೋಟೆ ಒಳಗೆ ಬರುವ ರೈಫಲ್) ಕೈಗೆ ಕೊಟ್ಟರು, ಅವತ್ತಿನಿಂದ ತಲೆಯಲ್ಲಿ ಅದೇ ಕೂತಿದೆ.

ಹತ್ತಿರದ ಅಂಗಡಿಯಲ್ಲಿ ಎರಡು ಹಳೇ ರೈಫಲ್ ಇವೆ, ಎರಡೂ 30-30 ಅನ್ನೋ ತೋಟೆಯವು. ಒಂದು ಮಾರ್ಲಿನ್ 336, 650 ಡಾಲರ್, ಸೀರಿಯಲ್ ನಂಬರ್ 22ರಿಂದ ಶುರು, ಮರದ ಮೇಲೆ ಗೀರುಗಳಿವೆ. ಇನ್ನೊಂದು ವಿಂಚೆಸ್ಟರ್ 94, 950 ಡಾಲರ್, ಸೀರಿಯಲ್ 30 ಲಕ್ಷದ ಮೇಲೆ, ನೋಡೋಕೆ ತುಂಬಾ ಚೆಂದ. "ಹಳೇ ಕಾಲದ ಒರಿಜಿನಲ್ ಮಾಲು, ಬೆಲೆ ಏರುತ್ತಲೇ ಇರುತ್ತೆ" ಅಂತಾನೆ ಅಂಗಡಿಯವನು. ಯಾವುದು ತಗೊಳ್ಳಲಿ, ಏನೇನು ನೋಡಬೇಕು? ಮುಖ್ಯವಾಗಿ ರೇಂಜಿಗೆ. ಮುಂದೆ ಜಿಂಕೆ ಸೀಸನ್‌ಗೂ ಹೋಗುವ ಆಸೆ ಇದೆ. ಮನೆಯವಳು ಒಪ್ಪಿದ್ದಾಳೆ, ಆದರೆ ರೈಫಲ್‌ಗಿಂತ ಮೊದಲು ಲಾಕರ್ ಬರಬೇಕಂತೆ.

ಮಲ್ನಾಡ್ ಮಾಣಿ:
ನಿಮ್ಮ ಮನೆಯವರು ಹೇಳಿದ್ದು ಸರಿ ಮಾರಾಯ್ರೆ, ಲಾಕರ್ ಮೊದಲು.

ವಿಂಚೆಸ್ಟರ್ ವಿಷಯದಲ್ಲಿ ಹುಷಾರು. 94 ಅನ್ನೋದು ಜಾನ್ ಬ್ರೌನಿಂಗ್ ಮಾಡಿದ 1894ರ ವಿನ್ಯಾಸ, 70 ಲಕ್ಷಕ್ಕೂ ಜಾಸ್ತಿ ತಯಾರಾಗಿದೆ. ಹಾಗಾಗಿ ಬರೀ 94 ಅಂದ ಮಾತ್ರಕ್ಕೆ ಅಪರೂಪದ್ದೇನಲ್ಲ. ಜನ ದುಡ್ಡು ಸುರಿಯೋದು 1964ಕ್ಕಿಂತ ಮೊದಲಿನವಕ್ಕೆ. ಆ ವರ್ಷ ಕಂಪನಿ ಖರ್ಚು ಉಳಿಸಲು ತಯಾರಿಕೆಯ ರೀತಿಯನ್ನೇ ಬದಲಾಯಿಸಿತು. ಒಳಗಿನ ಕೆಲವು ಭಾಗಗಳನ್ನು ತಗಡಿನಿಂದ ಒತ್ತಿ ಮಾಡಿದರು, ರಿಸೀವರ್ (ಯಂತ್ರ ಕೂರುವ ಮಧ್ಯದ ಚೌಕಟ್ಟು) ಲೋಹ ಎಂಥದ್ದೆಂದರೆ ಬಣ್ಣ ಹೋದ ಮೇಲೆ ಮಾಮೂಲಿ ಬ್ಲೂಯಿಂಗ್ (ತುಕ್ಕು ತಡೆಯುವ ಕಡುನೀಲಿ ಬಣ್ಣ) ಅದಕ್ಕೆ ಸರಿಯಾಗಿ ಹಿಡಿಯುವುದೇ ಇಲ್ಲ. ಹೊಸ ರೀತಿಯವಕ್ಕೆ ನಂಬರ್ ಶುರುವಾಗಿದ್ದು 27 ಲಕ್ಷದಿಂದ. ನೀವು ಹೇಳಿದ್ದು 30 ಲಕ್ಷದ ಮೇಲೆ. ಲೆಕ್ಕ ಗೊತ್ತಾಯ್ತಲ್ಲ? ಗುಂಡು ಚೆನ್ನಾಗಿಯೇ ಹೊಡೆಯುತ್ತೆ, ಬೇಡ ಅನ್ನುತ್ತಿಲ್ಲ. ಆದರೆ ಹಳೇದರ ಬೆಲೆ ಅದಕ್ಕೆ ಕೊಡಬೇಡಿ.

ಮಾರ್ಲಿನ್ ಸೀರಿಯಲ್‌ಗೆ ಸುಲಭದ ಉಪಾಯ ಇದೆ. 1973ರ ನಂತರದ್ದಾದರೆ ಮೊದಲ ಎರಡು ಅಂಕಿಯನ್ನು 100ರಿಂದ ಕಳೆಯಿರಿ. 22 ಅಂದರೆ 78, ಅಂದರೆ 1978ರಲ್ಲಿ ಕನೆಕ್ಟಿಕಟ್‌ನ ನಾರ್ತ್ ಹೇವನ್‌ನಲ್ಲಿ ತಯಾರಾದದ್ದು. ನಳಿಗೆಯ ಎಡಗಡೆ, ರಿಸೀವರ್ ಹತ್ತಿರ, ಜೆಎಂ ಮುದ್ರೆ (ಹಳೇ ಮಾರ್ಲಿನ್ ಕಾರ್ಖಾನೆಯ ಗುರುತು) ಇರಬೇಕು, ನೋಡಿ. ನಾನಾಗಿದ್ದರೆ ಕಣ್ಣುಮುಚ್ಚಿ ಮಾರ್ಲಿನ್.

ಬಯಲುಸೀಮೆ:
ಕಣ್ಣುಮುಚ್ಚಿ ಮಾತ್ರ ಬೇಡ ಸರ್. ಈ ಜೆಎಂ ಮುದ್ರೆಯ ಭಕ್ತಿ ಸ್ವಲ್ಪ ಜಾಸ್ತಿಯಾಗಿದೆ. ರೆಮಿಂಗ್ಟನ್ ಮಾರ್ಲಿನ್ ಕೊಂಡು ಕೆಲಸವನ್ನು ನ್ಯೂಯಾರ್ಕಿನ ಇಲಿಯನ್‌ಗೆ ಸಾಗಿಸಿದ ಮೇಲೆ ಮೊದಲ ಕೆಲವು ವರ್ಷ ದೂರುಗಳು ಬಂದವು, ನಿಜ. 2020ರಲ್ಲಿ ರೂಗರ್ ಕೊಂಡಿತು, ಈಗಿನವು ಚೆನ್ನಾಗಿವೆ. ಆದರೆ 1978ರ ರೈಫಲ್ ಯಾರ ಮಳೆಯಲ್ಲಿ ನೆನೆಯಿತು, ಯಾರ ಗ್ಯಾರೇಜಿನಲ್ಲಿ ತುಕ್ಕು ಹಿಡಿಯಿತು ಅಂತ ಮುದ್ರೆ ಹೇಳಲ್ಲ, ಅಲ್ವಾ? ಮುಂದೆ ಇರುವ ಆ ಒಂದು ರೈಫಲ್ಲನ್ನೇ ನೋಡಬೇಕು.

ಮೊದಲು ಲಿವರ್ ಕೆಳಗೆ ಎಳೆದು ಖಾಲಿ ಇದೆಯಾ ಅಂತ ನೀವೇ ನೋಡಿ, ಅಂಗಡಿಯವನು ನೋಡಿದ್ದರೂ ಸರಿ. ಆಮೇಲೆ ನಳಿಗೆಯೊಳಗೆ ಬೆಳಕು ಬಿಟ್ಟು ನೋಡಿ, ಗೆರೆಗಳು ಚೂಪಾಗಿರಬೇಕು, ಗುಳಿ ಇರಬಾರದು. ಮಾರ್ಲಿನ್‌ನಲ್ಲಿ ಲಿವರ್‌ನ ಒಂದೇ ಒಂದು ಸ್ಕ್ರೂ ಬಿಚ್ಚಿದರೆ ಬೋಲ್ಟ್ (ನಳಿಗೆಯ ಹಿಂಬದಿ ಮುಚ್ಚುವ ಭಾಗ) ಹೊರಗೆ ಬರುತ್ತೆ, ಹಿಂದಿನಿಂದ ಕ್ಲೀನ್ ಮಾಡಬಹುದು. ವಿಂಚೆಸ್ಟರ್‌ನಲ್ಲಿ ಸಾಮಾನ್ಯವಾಗಿ ಬಾಯಿಯ ಕಡೆಯಿಂದಲೇ ರಾಡ್ ಹಾಕುತ್ತಾರೆ, ವರ್ಷಗಟ್ಟಲೆ ರಾಡ್ ಉಜ್ಜಿ ಉಜ್ಜಿ ನಳಿಗೆಯ ಬಾಯಿ ಸವೆದಿದ್ದರೆ ಗುಂಡು ಗುರಿಗೆ ಬೀಳಲ್ಲ. ಅಲ್ಲಿ ಬೆರಳಾಡಿಸಿ ನೋಡಿ. ಹಿಂದಿನ ಮರ ರಿಸೀವರ್‌ಗೆ ಸೇರುವ ಜಾಗದಲ್ಲಿ ಕೂದಲೆಳೆಯಂಥ ಬಿರುಕು ಇರುತ್ತೆ, ಬೇಗ ಕಣ್ಣಿಗೆ ಬೀಳಲ್ಲ. ಸ್ಕ್ರೂ ತಲೆಗಳು ಕಿತ್ತುಹೋಗಿದ್ದರೆ ಯಾರೋ ಅಡುಗೆಮನೆ ಡ್ರಾಯರಿನ ಸ್ಕ್ರೂಡ್ರೈವರ್ ಹಿಡಿದು ಒಳಗೆ ಕೈ ಹಾಕಿದ್ದಾರೆ ಅಂತ ಅರ್ಥ. ಮರದ ಗೀರಿಗಿಂತ ನನಗೆ ಅದೇ ಜಾಸ್ತಿ ಭಯ.

ಹ್ಯಾಮರ್ (ಟ್ರಿಗರ್ ಒತ್ತಿದಾಗ ಬಡಿದು ಗುಂಡು ಹಾರಿಸುವ ಭಾಗ) ಪೂರ್ತಿ ಎಳೆದು, ಟ್ರಿಗರ್ ಮುಟ್ಟದೆ, ಹೆಬ್ಬೆರಳಿನಿಂದ ಮುಂದಕ್ಕೆ ಒತ್ತಿ ನೋಡಿ. ಬೀಳಬಾರದು. ಅರ್ಧ ಎಳೆದ ಜಾಗದಲ್ಲಿ ಟ್ರಿಗರ್ ಒತ್ತಿದರೂ ಬೀಳಬಾರದು. 1978ರದ್ದಕ್ಕೆ ಬೇರೆ ಸೇಫ್ಟಿ ಗುಂಡಿ ಇಲ್ಲ, ಈ ಅರ್ಧ ಎಳೆತವೇ ಸೇಫ್ಟಿ, ಹಾಗಾಗಿ ಇದು ಫೇಲಾದರೆ ಅಲ್ಲೇ ಇಟ್ಟು ಬನ್ನಿ.

ಡಾಲಸ್ ದೊಡ್ಡಪ್ಪ:
ಬೆಲೆ ನೋಡುವವರಿಗೆ ಒಂದು ಮಾತು. ಗ್ಲೆನ್‌ಫೀಲ್ಡ್ ಅನ್ನೋ ಹೆಸರಲ್ಲಿ 30ಎ ಸಿಕ್ಕರೆ ಬಿಡಬೇಡಿ. ಅದೂ ಮಾರ್ಲಿನ್‌ದೇ, ಒಳಗಿನ ಯಂತ್ರ 336ರದ್ದೇ. ದೊಡ್ಡ ಅಂಗಡಿಗಳಲ್ಲಿ ಅಗ್ಗಕ್ಕೆ ಮಾರಲಿ ಅಂತ ವಾಲ್ನಟ್ ಬದಲು ಬರ್ಚ್ ಮರ ಹಾಕಿ ಬೇರೆ ಹೆಸರು ಕೊಟ್ಟಿದ್ದರು, ಅಷ್ಟೇ ವ್ಯತ್ಯಾಸ.

ಇನ್ನೊಂದು. ನನ್ನ ಕೇಳಿದರೆ ಮೊದಲ ರೈಫಲ್ 22 (ಸಣ್ಣ, ಅಗ್ಗದ ತೋಟೆಯದ್ದು) ಆಗಬೇಕು. 30-30 ತೋಟೆ ಒಂದಕ್ಕೆ ಡಾಲರಿಗಿಂತ ಜಾಸ್ತಿ ಬೀಳುತ್ತೆ, ಬಾಕ್ಸ್ ಖಾಲಿಯಾಗೋದು ಗೊತ್ತೇ ಆಗಲ್ಲ. ಹೆನ್ರಿ ಸಿಗುತ್ತೆ, ಬ್ರೌನಿಂಗ್ ಬಿಎಲ್-22 ಸಿಗುತ್ತೆ. ಹಳೇ ಮಾರ್ಲಿನ್ 39ಎ ಆದರೆ ಒಂದು ಸ್ಕ್ರೂ ತಿರುಗಿಸಿದರೆ ಎರಡು ಭಾಗ ಆಗುತ್ತೆ, ಚೀಲದಲ್ಲಿ ಹಾಕಿಕೊಂಡು ಹೋಗಬಹುದು. ಭಾನುವಾರ ಮಧ್ಯಾಹ್ನ ಮಕ್ಕಳ ಜೊತೆ ತಗಡಿನ ಡಬ್ಬಿಗೆ ಹೊಡೆಯುವ ಸುಖಕ್ಕೆ ಜಿಂಕೆ ಸೀಸನ್ ಸಾಟಿಯೇ ಅಲ್ಲ, ಹೊಡೆದದ್ದಕ್ಕೆ ಟಣ್ ಅನ್ನುತ್ತೆ, ಲಿವರ್ ಎಳೆದರೆ ಖಾಲಿ ತೋಟೆ ಹಾರುತ್ತೆ, ಭುಜಕ್ಕೆ ನೋವಿಲ್ಲ, ಜೇಬಿಗೂ ನೋವಿಲ್ಲ.

ಮಲ್ನಾಡ್ ಮಾಣಿ:
ದೊಡ್ಡಪ್ಪ, ಅವರು ಜಿಂಕೆ ಅಂದ್ರಲ್ಲ. 22ರಲ್ಲಿ ಜಿಂಕೆ ಹೊಡೆಯೋ ಹಾಗಿಲ್ಲ. ಪೆನ್ಸಿಲ್ವೇನಿಯಾದಲ್ಲಿ ಜಿಂಕೆಗೆ ಸೆಮಿ-ಆಟೊಮ್ಯಾಟಿಕ್ ರೈಫಲ್ ಕೂಡ ಇಲ್ಲ, ಹಾಗಾಗಿಯೇ ಲಿವರ್‌ಗೆ ಅಲ್ಲಿ ಇನ್ನೂ ಮರ್ಯಾದೆ. ಥ್ಯಾಂಕ್ಸ್‌ಗಿವಿಂಗ್ ಆದ ಶನಿವಾರ ಸೀಸನ್ ಶುರು. ಮೊದಲ ಸಲದವರು ಹಂಟರ್ ಎಜುಕೇಶನ್ ಕೋರ್ಸ್ ಮುಗಿಸಬೇಕು.

ಹೊಸಬ2:
ಮಧ್ಯೆ ಬಾಯಿ ಹಾಕ್ತಿದ್ದೀನಿ, ಕ್ಷಮಿಸಿ. ನಾನು ಎಚ್-1ಬಿ. ನಾನೂ ಒಂದು ತಗೋಬಹುದಾ?

ಬಯಲುಸೀಮೆ:
ಸುಮ್ನೆ ಅಂಗಡಿಗೆ ಹೋಗಬೇಡಿ. ಎಚ್-1ಬಿ ಥರದ ವೀಸಾದಲ್ಲಿ ಇರುವವರು ಗನ್ ಆಗಲಿ ತೋಟೆ ಆಗಲಿ ಇಟ್ಟುಕೊಳ್ಳಬಾರದು ಅಂತ ಫೆಡರಲ್ ಕಾನೂನು. ಚಾಲ್ತಿಯಲ್ಲಿರುವ ಹಂಟಿಂಗ್ ಲೈಸೆನ್ಸ್ ಇದ್ದರೆ ವಿನಾಯಿತಿ ಇದೆ. ಆದರೆ ರಾಜ್ಯದ ಕಾನೂನು ಬೇರೆ ಇರುತ್ತೆ, ಕೆಲವು ಅಂಗಡಿಯವರು ವಿನಾಯಿತಿ ಇದ್ದರೂ ಮಾರಲ್ಲ. ಇಲ್ಲಿ ಎಡವಿದರೆ ಹೋಗೋದು ರೈಫಲ್ ಅಲ್ಲ, ವೀಸಾ. ಮೊದಲು ಇಮಿಗ್ರೇಷನ್ ಲಾಯರ್ ಹತ್ತಿರ ಮಾತಾಡಿ. ಗ್ರೀನ್ ಕಾರ್ಡ್‌ನವರಿಗೆ ಈ ತಾಪತ್ರಯ ಇಲ್ಲ, ಗನ್ ಕೊಳ್ಳುವಾಗ ಅಂಗಡಿಯಲ್ಲಿ ತುಂಬುವ 4473 ಫಾರ್ಮಿನಲ್ಲಿ ಏಲಿಯನ್ ನಂಬರ್ (ಗ್ರೀನ್ ಕಾರ್ಡ್ ಮೇಲಿರುವ ನಂಬರ್) ಬರೆಯಬೇಕು, ಹಿನ್ನೆಲೆ ತಪಾಸಣೆ ಆಗುತ್ತೆ, ಅಷ್ಟೇ.

ಕಾಫಿತೋಟ:
ಎಲ್ಲರಿಗೂ ಥ್ಯಾಂಕ್ಸ್. ಹೋಗಿ ನೋಡಿ ಬಂದೆ. ಮಾರ್ಲಿನ್ ನಳಿಗೆ ಒಳಗೆ ಫಳಫಳ ಇದೆ, ಸ್ಕ್ರೂಗಳೂ ಚೆನ್ನಾಗಿವೆ, ಹ್ಯಾಮರ್ ಗಟ್ಟಿಯಾಗಿ ನಿಂತಿತು. ಒಂದೇ ಅನುಮಾನ. ಟ್ರಿಗರ್ ಲೊಡಲೊಡ ಅಂತ ಅಲ್ಲಾಡುತ್ತೆ, ಲಿವರ್ ಪೂರ್ತಿ ಮೇಲೆ ಒತ್ತಿ ಹಿಡಿಯದಿದ್ದರೆ ಎಳೆದರೂ ಏನೂ ಆಗಲ್ಲ. ಹಾಳಾಗಿದೆಯಾ?

ಮಲ್ನಾಡ್ ಮಾಣಿ:
ಹಾಳಾಗಿಲ್ಲ, ಅದು ಮಾರ್ಲಿನ್ ಸ್ವಭಾವ. ಲಿವರ್ ಸರಿಯಾಗಿ ಮುಚ್ಚದೆ ಗುಂಡು ಹಾರಬಾರದು ಅಂತ ಬೇಕೆಂದೇ ಹಾಗೆ ಇಟ್ಟಿದ್ದಾರೆ, ಅಲ್ಲಾಟ ಅದರ ಜೊತೆಗೇ ಬರುತ್ತೆ. 650ಕ್ಕೆ 600 ಕೇಳಿ ನೋಡಿ.

ತೋಟೆ ತರುವಾಗ ಮೂತಿ ಚಪ್ಪಟೆ ಅಥವಾ ದುಂಡಗಿರುವುದನ್ನೇ ತನ್ನಿ. ನಳಿಗೆಯ ಕೆಳಗಿನ ಕೊಳವೆಯಲ್ಲಿ ತೋಟೆಗಳು ಸಾಲಾಗಿ ಕೂರುತ್ತವೆ, ಒಂದರ ಮೂತಿ ಮುಂದಿನದರ ಪ್ರೈಮರ್‌ಗೆ (ಬಡಿದರೆ ತೋಟೆ ಸಿಡಿಸುವ ಹಿಂಬದಿಯ ಬಿಲ್ಲೆಗೆ) ತಾಗಿಕೊಂಡಿರುತ್ತೆ. ಚೂಪಾದ ಗಟ್ಟಿ ಮೂತಿಯಾದರೆ ಒದೆತಕ್ಕೆ ಕೊಳವೆಯೊಳಗೇ ಸಿಡಿಯಬಹುದು. ಹಾರ್ನಡಿಯವರ ಲೆವರ್ಎವಲ್ಯೂಶನ್ ಚೂಪಾಗಿದ್ದರೂ ತುದಿ ಮೆತ್ತಗೆ, ಅದು ಓಕೆ.

ಬಯಲುಸೀಮೆ:
ಲಿವರ್ ನಾಜೂಕಾಗಿ ಎಳೆಯಬೇಡಿ. ಹೊಸಬರು ಮೆಲ್ಲಗೆ ಎಳೆದು, ಅರ್ಧಕ್ಕೆ ನಿಲ್ಲಿಸಿ, ತೋಟೆ ಸಿಕ್ಕಿಹಾಕಿಕೊಂಡ ಮೇಲೆ ರೈಫಲ್‌ಗೆ ಬೈತಾರೆ. ಗಟ್ಟಿಯಾಗಿ, ಕೊನೇ ತನಕ. ತೋಟೆ ಇರುವಾಗ ಹ್ಯಾಮರ್ ಇಳಿಸುವುದನ್ನು ಮಾತ್ರ ಮೊದಲು ಖಾಲಿ ರೈಫಲ್ ಹಿಡಿದು, ಡಮ್ಮಿ ತೋಟೆ ಹಾಕಿ, ಬೆರಳಿಗೆ ಅಭ್ಯಾಸ ಆಗುವ ತನಕ ಮಾಡಿ. ಚಳಿಗಾಲದಲ್ಲಿ ಗ್ಲೌಸ್ ಹಾಕಿಕೊಂಡಾಗ ಇನ್ನೂ ಕಷ್ಟ.

ಡಾಲಸ್ ದೊಡ್ಡಪ್ಪ:
ಅಂಗಡಿಯವನು ಆ ವಿಂಚೆಸ್ಟರ್ 600ಕ್ಕೆ ಇಳಿಸಿದರೆ ಇಲ್ಲಿ ಒಂದು ಸಾಲು ಹಾಕಿ. ಹಗುರ ಇರುತ್ತೆ, ಕೈಯಲ್ಲಿ ಹಿಡಿದು ನಡೆಯೋಕೆ ಅದರಷ್ಟು ಸುಖ ಇನ್ನೊಂದಿಲ್ಲ. ಖಾಲಿ ತೋಟೆ ಮೇಲಕ್ಕೆ ಹಾರುತ್ತೆ, ಸ್ಕೋಪ್ (ಗುರಿ ಹಿಡಿಯುವ ದುರ್ಬೀನು) ಕೂರಿಸೋಕೆ ಆಗಲ್ಲ ಅಂತ ಎಲ್ಲರೂ ಬಿಡ್ತಾರೆ. ನನಗೆ ಸ್ಕೋಪ್ ಬೇಡವೇ ಬೇಡ.